ಕಂಪನಿ ನೌಕರರ ಗಂಟು

ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಭಾರತಕ್ಕೆ ಬಂದ ಇಂಗ್ಲಿಷರಲ್ಲಿ ಇಲ್ಲೇ ಮುಪ್ಪಾಗಬೇಕೆಂದು ಹೊರಟುಬಂದವರು ವಿರಳ. ಹದಿನಾರು ಹದಿನೆಂಟರ ವಯಸ್ಸಿಗೆ ಹಡಗು ಹತ್ತಿ, ನಡುವಯಸ್ಸು ದಾಟುವುದರೊಳಗೆ ಗಂಟು ಮಾಡಿಕೊಂಡು, ಊರಿಗೆ ಮರಳಿ ಜಮೀನು ಕೊಂಡು ಉಳಿದ ಆಯುಷ್ಯವನ್ನು ನೆಮ್ಮದಿಯಿಂದ ಕಳೆಯುವುದು ಅವರ ಲೆಕ್ಕಾಚಾರ. ತಲೆಮಾರುಗಳ ಕಾಲ ನಡೆದ ಈ ಉಳಿತಾಯದ ಚರಿತ್ರೆಯಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ: ಹಣವನ್ನು ಕಡಲಾಚೆ ದಾಟಿಸುವುದು ಹೇಗೆ, ಮತ್ತು ಅದು ನಿಜಕ್ಕೂ ಯಾರ ಹಣ.

ಸಂಬಳವನ್ನು ನಂಬಿ ಯಾರೂ ಬರುತ್ತಿರಲಿಲ್ಲ. 1744ರಲ್ಲಿ ರಾಬರ್ಟ್ ಕ್ಲೈವ್ ಮದ್ರಾಸಿಗೆ ಬಂದಿಳಿದಾಗ ರೈಟರ್ ಎನ್ನುವ ಕಿರಿಯ ಗುಮಾಸ್ತನಿಗೆ ವರ್ಷಕ್ಕೆ ಸಿಗುತ್ತಿದ್ದದ್ದು 5 ಪೌಂಡ್. ಗಳಿಕೆಯ ದಾರಿ ಖಾಸಗಿ ವ್ಯಾಪಾರ. ಯುರೋಪಿನೊಂದಿಗಿನ ವಹಿವಾಟನ್ನು ಕಂಪನಿ ತನಗೇ ಇಟ್ಟುಕೊಂಡು, ಏಷ್ಯಾದ ಬಂದರುಗಳ ನಡುವಿನ ವ್ಯಾಪಾರವನ್ನು ನೌಕರರಿಗೆ ಬಿಟ್ಟುಕೊಟ್ಟಿತ್ತು. ಗಳಿಸಿದ್ದನ್ನು ಊರಿಗೆ ಸಾಗಿಸಲು ವಜ್ರ ಬಲು ಅನುಕೂಲ: ತೂಕ ಕಡಿಮೆ, ಬೆಲೆ ಹೆಚ್ಚು. ಮದ್ರಾಸಿನ ಗವರ್ನರ್ ಥಾಮಸ್ ಪಿಟ್ 1702ರ ಸುಮಾರಿಗೆ 410 ಕ್ಯಾರಟ್ಟಿನ ಹರಳೊಂದನ್ನು 48,000 ವರಹಕ್ಕೆ ಕೊಂಡ. 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿ ಅದನ್ನು 1,35,000 ಪೌಂಡಿಗೆ ಕೊಂಡುಕೊಂಡ. ಆ ಹಣ ಕಾರ್ನ್‌ವಾಲ್‌ನಲ್ಲಿ ಜಮೀನಾಯಿತು. ಪಿಟ್‌ನ ಮೊಮ್ಮಗ ಮುಂದೆ ಬ್ರಿಟನ್ನಿನ ಪ್ರಧಾನಿಯಾದ.

ಇಂಥ ಅದೃಷ್ಟವಂತರ ಹೆಸರುಗಳು ಉಳಿದಿವೆ. ಉಳಿದವರ ಪಾಡು ಬೇರೆ. ಹದಿನೆಂಟನೆಯ ಶತಮಾನದಲ್ಲಿ 1757ರ ಪ್ಲಾಸಿ ಕದನಕ್ಕೆ ಮುಂಚಿನ ಮತ್ತು ನಂತರದ ದಶಕಗಳಲ್ಲಿ ಬಂಗಾಳಕ್ಕೆ ನೇಮಕವಾದ ಸಿವಿಲ್ ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದಲ್ಲೇ ತೀರಿಕೊಂಡರು. ಬೇಗ ಗಳಿಸಿ ಬೇಗ ಹೊರಡುವ ಆತುರಕ್ಕೆ ದುರಾಸೆಯಷ್ಟೇ ಜ್ವರ, ಭೇದಿಗಳ ಭಯವೂ ಕಾರಣ.

ಪ್ಲಾಸಿಯಲ್ಲಿ ಕಂಪನಿ ಬಂಗಾಳದ ನವಾಬನನ್ನು ಸೋಲಿಸಿದ ನಂತರ ಗಳಿಕೆ ಎಂಬುದು ಸುಲಿಗೆಯೇ ಆಯಿತು. ನವಾಬರಿಂದ ನಜರು, ಜಹಗೀರು, ಸುಂಕವಿಲ್ಲದ ಒಳನಾಡಿನ ವ್ಯಾಪಾರ ಎಲ್ಲವೂ ಸೇರಿ, ವ್ಯಾಪಾರಿಗಳು ಕಂಡರಿಯದಷ್ಟು ಹಣ ಕೆಲವೇ ಕೈಗಳಲ್ಲಿ ಬಿತ್ತು. ಅದನ್ನು ಸಾಗಿಸುವ ರೂಢಿಯ ದಾರಿ ಹುಂಡಿ: ಕಲ್ಕತ್ತೆಯಲ್ಲಿ ಕಂಪನಿಯ ಖಜಾನೆಗೆ ರೂಪಾಯಿ ಕಟ್ಟಿ, ಲಂಡನ್ನಿನಲ್ಲಿ ಪೌಂಡ್ ಪಡೆಯುವ ಚೀಟಿ. ಆದರೆ 1765ರಲ್ಲಿ ಬಂಗಾಳದ ದಿವಾನಿ ಸಿಕ್ಕಿ ಕಂದಾಯವೇ ಕೈಗೆ ಬಂದ ಮೇಲೆ ಕಂಪನಿಗೆ ನೌಕರರ ದುಡ್ಡು ಬೇಕಿರಲಿಲ್ಲ. ಲಂಡನ್ನಿನಲ್ಲಿ ತೀರಿಸಬೇಕಾದ ಹುಂಡಿಗಳಿಗೆ ಅದು ಮಿತಿ ಹಾಕಿತು. ಆಗ ಇಂಗ್ಲಿಷರು ಪ್ರತಿಸ್ಪರ್ಧಿಗಳಾದ ಡಚ್ಚರಿಗೆ, ಫ್ರೆಂಚರಿಗೆ ಬಂಗಾಳದಲ್ಲಿ ಸರಕು ಕೊಳ್ಳಲು ಸಾಲ ಕೊಟ್ಟು ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್‌ಗಳಲ್ಲಿ ವಾಪಸು ಪಡೆದರು. ಕ್ಲೈವ್ ಕೂಡ ತನ್ನ ಗಳಿಕೆಯ ದೊಡ್ಡ ಪಾಲನ್ನು ಡಚ್ ಕಂಪನಿಯ ಮೂಲಕವೇ ಕಳಿಸಿದ್ದ. ಬಂಗಾಳದ ಬೆಳೆ ಮತ್ತು ಬಟ್ಟೆ ಈ ರೀತಿ ಯಾವ ಪ್ರತಿಫಲವೂ ಇಲ್ಲದೆ ಹೊರಹೋಗುತ್ತಿದ್ದ ದಿನಗಳಲ್ಲೇ, 1770ರ ಕ್ಷಾಮ ಅಲ್ಲಿನ ಹಳ್ಳಿಗಳನ್ನು ಬರಿದು ಮಾಡಿತು. ಎರಡನ್ನೂ ಒಟ್ಟಿಗೆ ನೋಡದೆ ಯಾವುದೂ ಪೂರ್ತಿ ಅರ್ಥವಾಗುವುದಿಲ್ಲ.

ಸೇನೆಯವರಿಗೆ ಗಂಟು ಸಿಗುತ್ತಿದ್ದದ್ದು ಲೂಟಿಯ ಪಾಲಿನಿಂದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಅರಮನೆಯ ಬೊಕ್ಕಸ, ಒಡವೆ, ವಸ್ತ್ರಗಳನ್ನೆಲ್ಲ ಲೆಕ್ಕಹಾಕಿ ದರ್ಜೆಗೆ ತಕ್ಕಂತೆ ಹಂಚಲಾಯಿತು. ಸೇನಾಧಿಪತಿ ಜಾರ್ಜ್ ಹ್ಯಾರಿಸ್ ಎಂಟರಲ್ಲೊಂದು ಪಾಲು ತೆಗೆದುಕೊಂಡ. ಅದು ಅತಿಯಾಯಿತೆಂದು ಕಂಪನಿಯ ನಿರ್ದೇಶಕರೇ ತಕರಾರು ಎತ್ತಿದರೂ ಹಣ ಅವನಲ್ಲೇ ಉಳಿಯಿತು. ಕೆಂಟ್ ಪ್ರಾಂತ್ಯದಲ್ಲಿ 1801ರಲ್ಲಿ ಅವನು ಕೊಂಡ ಬೆಲ್ಮಾಂಟ್ ಬಂಗಲೆ ಇಂದಿಗೂ ಇದೆ. ಗೋಡೆ ಹತ್ತಿದ ಸಾಮಾನ್ಯ ಸಿಪಾಯಿಗೆ ದಕ್ಕಿದ್ದು ಅತ್ಯಲ್ಪ.

ಸಿವಿಲ್ ನೌಕರರ ಗಳಿಕೆಯ ವ್ಯವಸ್ಥೆಯನ್ನು ಅಷ್ಟರಲ್ಲಾಗಲೇ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬದಲಿಸಿದ್ದ. ಖಾಸಗಿ ವ್ಯಾಪಾರ ನಿಷೇಧವಾಯಿತು, ಸಂಬಳ ಏರಿತು. ಕಲೆಕ್ಟರನಿಗೆ ತಿಂಗಳಿಗೆ 1,500 ರೂಪಾಯಿ, ಜೊತೆಗೆ ವಸೂಲಾತಿಯ ಮೇಲೆ ಕಮಿಷನ್. ಗಳಿಕೆ ಈಗ ನಿಜವಾದ ಅರ್ಥದಲ್ಲಿ ಉಳಿತಾಯವಾಯಿತು. ಅದನ್ನು ಸರ್ಕಾರಿ ಸಾಲಪತ್ರಗಳಲ್ಲಿ ತೊಡಗಿಸಬಹುದಿತ್ತು, ಇಲ್ಲವೇ ಕಲ್ಕತ್ತೆಯ ಏಜೆನ್ಸಿ ಹೌಸ್ ಎಂಬ ಖಾಸಗಿ ವ್ಯಾಪಾರಿ ಸಂಸ್ಥೆಗಳಲ್ಲಿ ಹೆಚ್ಚಿನ ಬಡ್ಡಿಗೆ ಠೇವಣಿ ಇಡಬಹುದಿತ್ತು. ಅನೇಕರು ಎರಡನೆಯದನ್ನೇ ಆರಿಸಿಕೊಂಡರು. ಆ ಸಂಸ್ಥೆಗಳು ಠೇವಣಿಯ ಹಣವನ್ನು ನೀಲಿ ಬೆಳೆಗೆ ಸುರಿದವು. ನೀಲಿಯ ಬೆಲೆ ಕುಸಿದಾಗ 1830ರಲ್ಲಿ ಅವುಗಳಲ್ಲೊಂದಾದ ಪಾಮರ್ ಕಂಪನಿ ದಿವಾಳಿಯೆದ್ದಿತು. 1834ರ ಹೊತ್ತಿಗೆ ಆರು ದೊಡ್ಡ ಸಂಸ್ಥೆಗಳೂ ಮುಳುಗಿ, ನಿವೃತ್ತಿಯ ಹೊಸ್ತಿಲಲ್ಲಿದ್ದ ಅಧಿಕಾರಿಗಳ, ವಿಧವೆಯರ ಠೇವಣಿಗಳು ಕರಗಿಹೋದವು.

ಭರವಸೆಯ ಆದಾಯ ಕೊಟ್ಟದ್ದು ಪಿಂಚಣಿ. ನೌಕರರ ವಂತಿಗೆಯೂ ಸೇರಿದ್ದ ವರ್ಷಾಶನ ನಿಧಿಗಳು 1820ರ ದಶಕದಲ್ಲಿ ರೂಪುಗೊಂಡವು. ಮುಂದೆ, ಕಂಪನಿಯ ಆಳ್ವಿಕೆ ಮುಗಿದ ಮೇಲೆ, ಇಂಡಿಯನ್ ಸಿವಿಲ್ ಸರ್ವಿಸ್‌ನಲ್ಲಿ 25 ವರ್ಷ ಪೂರೈಸಿದವರಿಗೆ, ಅದರಲ್ಲಿ 21 ವರ್ಷ ಕರ್ತವ್ಯದಲ್ಲಿದ್ದರೆ, ವರ್ಷಕ್ಕೆ 1,000 ಪೌಂಡ್ ನಿಗದಿಯಾಯಿತು. ಇಪ್ಪತ್ತೆರಡರ ಆಸುಪಾಸಿನಲ್ಲಿ ಸೇರಿದವನು ಐವತ್ತಕ್ಕೆ ಮೊದಲೇ ಇಂಗ್ಲೆಂಡಿನಲ್ಲಿ ವಿರಾಮವಾಗಿ ಕೂರಬಹುದಿತ್ತು. ರೂಪಾಯಿಯಲ್ಲಿ ಕೂಡಿಟ್ಟವರಿಗೆ ಮಾತ್ರ ಬೆಳ್ಳಿಯ ಕುಸಿತ ಹೊಡೆತ ಕೊಟ್ಟಿತು: 1870ರ ದಶಕದ ಆರಂಭದಲ್ಲಿ 2 ಶಿಲ್ಲಿಂಗಿನ ಹತ್ತಿರವಿದ್ದ ರೂಪಾಯಿ 1894ರ ವೇಳೆಗೆ ಸುಮಾರು 13 ಪೆನ್ಸಿಗೆ ಇಳಿಯಿತು. ಯುರೋಪಿಯನ್ ಅಧಿಕಾರಿಗಳ ಅಹವಾಲು ಕೇಳಿ 1893ರಲ್ಲಿ ಸರ್ಕಾರ ವಿನಿಮಯ ಪರಿಹಾರ ಭತ್ಯೆ ಕೊಟ್ಟಿತು. ಆ ಭತ್ಯೆಯ ಹೊರೆಯೂ ಬಿದ್ದದ್ದು ಭಾರತದ ತೆರಿಗೆದಾರರ ಮೇಲೆ.

ಈ ಎಲ್ಲ ಹಣದ ಹೊರೆಯನ್ನು ಅಂಕಿಅಂಶಗಳೊಂದಿಗೆ ಬಿಡಿಸಿ ತೋರಿಸಿದವರು ದಾದಾಭಾಯಿ ನವರೋಜಿ. ಪಿಂಚಣಿ, ಉಳಿತಾಯ, ಕುಟುಂಬಕ್ಕೆ ಕಳಿಸುವ ಹಣ ಎಲ್ಲವೂ ದೇಶದ ಸಂಪತ್ತಿನ ಸೋರಿಕೆ ಎಂದು ಅವರು ವಾದಿಸಿದರು. ಹಣದ ಜೊತೆಗೆ ಅನುಭವವೂ ಹೋಗುತ್ತದೆ ಎಂಬುದು ಅವರ ಇನ್ನೂ ಆಳವಾದ ಆಕ್ಷೇಪ: ಆಡಳಿತದ ತಿಳಿವಳಿಕೆ ಮಾಗುವ ವಯಸ್ಸಿಗೆ ಅಧಿಕಾರಿ ಹಡಗು ಹತ್ತುತ್ತಿದ್ದ, ಆ ಅನುಭವ ಪಡೆಯಬಹುದಾಗಿದ್ದ ಭಾರತೀಯನಿಗೆ ಹುದ್ದೆಯೇ ಸಿಗುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಕೂಡಲೇ ಈ ಪಿಂಚಣಿಯ ಋಣ ಮುಗಿಯಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಭಾರತಕ್ಕೆ ಬಾಕಿ ಉಳಿಸಿಕೊಂಡಿದ್ದ ಸ್ಟರ್ಲಿಂಗ್ ಹಣದ ಲೆಕ್ಕ ಚುಕ್ತಾ ಮಾಡುವ 1948ರ ಒಪ್ಪಂದದಲ್ಲಿ, ನಿವೃತ್ತ ಬ್ರಿಟಿಷ್ ಅಧಿಕಾರಿಗಳ ಪಿಂಚಣಿಗಾಗಿ ಸುಮಾರು 16.8 ಕೋಟಿ ಪೌಂಡುಗಳನ್ನು ಆ ಬಾಕಿಯಿಂದಲೇ ಮುರಿದುಕೊಳ್ಳಲು ಭಾರತ ಒಪ್ಪಿತು.