ಅಧಿಕಾರ ನರ್ಸಿಗೋ, ಆಕೆ ನಿಂತ ಜಾಗಕ್ಕೋ: ಉನ್ನತ ಶುಶ್ರೂಷಾ ವೃತ್ತಿಯ ಪರವಾನಗಿ ಕುರಿತ ಟಿಪ್ಪಣಿ

ಗರ್ಭನಂಜಿನಿಂದ ಸೆಳವು ಬಂದ ಹೆಂಗಸನ್ನು ಆರೋಗ್ಯ ಉಪಕೇಂದ್ರಕ್ಕೆ ಕರೆತಂದರೆ ಅಲ್ಲಿನ ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ) ಏನು ಮಾಡಬೇಕೆಂಬುದನ್ನು ಕೇಂದ್ರ ಆರೋಗ್ಯ ಸಚಿವಾಲಯದ 2010ರ ಹೆರಿಗೆ ಆರೈಕೆಯ ಮಾರ್ಗಸೂಚಿ ಬಿಡಿಸಿ ಹೇಳುತ್ತದೆ. ಕೊಡಬೇಕಾದದ್ದು ಮೆಗ್ನೀಷಿಯಂ ಸಲ್ಫೇಟಿನ ಶೇ. 50ರ ದ್ರಾವಣ. 2 ಮಿ.ಲೀ. ಆಂಪ್ಯೂಲಿನಲ್ಲಿ ಒಂದು ಗ್ರಾಂ ಔಷಧ ಇರುತ್ತದೆ. ಒಂದು ಪೃಷ್ಠಕ್ಕೆ 5 ಗ್ರಾಂ, ಇನ್ನೊಂದಕ್ಕೆ 5 ಗ್ರಾಂ, ಸ್ನಾಯುವಿನ ಆಳಕ್ಕೆ. ಈ ಮೊದಲ ಡೋಸ್ ಕೊಟ್ಟು, ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ವೈದ್ಯರ ಚೀಟಿಗೆ ಕಾಯುತ್ತ ಕೂರಬೇಕಾಗಿಲ್ಲ.

ಅದೇ ತಾಲ್ಲೂಕಿನ ಖಾಸಗಿ ನರ್ಸಿಂಗ್ ಹೋಮಿನಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿ, ಹೆರಿಗೆ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದ ನರ್ಸ್ ಇದ್ದಾರೆಂದುಕೊಳ್ಳೋಣ. ಅದೇ ಔಷಧವನ್ನು ಸ್ವಂತ ತೀರ್ಮಾನದ ಮೇಲೆ ಕೊಡಲು ಅವರಿಗೆ ಅಂಥ ಲಿಖಿತ ಆಸರೆ ಇಲ್ಲ. ವೈದ್ಯರ ಆದೇಶ ಬೇಕು, ಇಲ್ಲವೇ ಆಸ್ಪತ್ರೆ ತಾನೇ ಬರೆದಿಟ್ಟ ಪ್ರೋಟೊಕಾಲ್ ಬೇಕು. ಹೆಚ್ಚು ಓದಿದವರ ಕೈಯಲ್ಲಿ ಕಡಿಮೆ ಅಧಿಕಾರ ಉಳಿದಿರುವುದು ಹೇಗೆ?

ಈ ಟಿಪ್ಪಣಿಯ ವಾದ ಇಷ್ಟು. ಭಾರತದಲ್ಲಿ ನರ್ಸುಗಳಿಗೆ ಕಾಲಕಾಲಕ್ಕೆ ಸಿಕ್ಕಿರುವ ಹೆಚ್ಚುವರಿ ಅಧಿಕಾರ ಅವರು ದುಡಿಯುವ ಜಾಗಕ್ಕೆ, ಕಾರ್ಯಕ್ರಮಕ್ಕೆ, ಸಂಸ್ಥೆಗೆ ಅಂಟಿಕೊಂಡಿದೆ. ನೋಂದಣಿ ಪುಸ್ತಕದಲ್ಲಿ ಅವರ ಹೆಸರಿನ ಜೊತೆಗೆ ಅದು ಸೇರಿಲ್ಲ. ನರ್ಸ್ ಪ್ರಾಕ್ಟೀಷನರ್ ಕೋರ್ಸುಗಳು ಬಂದರೂ ನರ್ಸ್ ಪ್ರಾಕ್ಟೀಷನರ್ (ರೋಗಿಯನ್ನು ತಾನೇ ಪರೀಕ್ಷಿಸಿ ಚಿಕಿತ್ಸೆ ನೀಡಲು ಉನ್ನತ ತರಬೇತಿ ಪಡೆದ ನರ್ಸ್) ಎಂಬ ವೃತ್ತಿ ಇಲ್ಲಿ ಬೇರು ಬಿಡದಿರುವುದಕ್ಕೆ ಮುಖ್ಯ ಕಾರಣ ಇದೇ.

1. ರಿಜಿಸ್ಟರಿನಲ್ಲಿ ಇರುವುದು

1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಹುಟ್ಟಿದ್ದು ದೇಶದುದ್ದಕ್ಕೂ ತರಬೇತಿಯ ಮಟ್ಟ ಒಂದೇ ಆಗಿರಲಿ ಎಂಬ ಉದ್ದೇಶದಿಂದ. ಯಾವ ಅರ್ಹತೆಗೆ ಮಾನ್ಯತೆ, ಯಾವ ಶಾಲೆಯ ತಪಾಸಣೆ ಎಂಬುದು ಅದರ ಕಾಳಜಿ. ನೋಂದಣಿ ರಾಜ್ಯಗಳ ಕೆಲಸ. ನಮ್ಮಲ್ಲಿ 1961ರ ರಾಜ್ಯ ಕಾಯ್ದೆಯಡಿ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು ಅದನ್ನು ನಡೆಸುತ್ತ ಬಂದಿದೆ. ಪದವಿ ಮುಗಿಸಿದವರು ಇಲ್ಲಿ ಹೆಸರು ಬರೆಸಿ ನೋಂದಾಯಿತ ನರ್ಸ್ ಮತ್ತು ನೋಂದಾಯಿತ ಸೂಲಗಿತ್ತಿ, ಅಂದರೆ ‘ಆರ್‌ಎನ್‌ಆರ್‌ಎಂ’ ಆಗುತ್ತಾರೆ. ಮುಂದೆ ಎಂ.ಎಸ್ಸಿ. ಮಾಡಿದರೆ, ಪೋಸ್ಟ್ ಬೇಸಿಕ್ ಡಿಪ್ಲೊಮಾ ಮಾಡಿದರೆ ಅದು ಹೆಸರಿನ ಮುಂದೆ ಹೆಚ್ಚುವರಿ ಅರ್ಹತೆಯಾಗಿ ದಾಖಲಾಗುತ್ತದೆ.

ಹೆಚ್ಚುವರಿ ಅರ್ಹತೆಯ ದಾಖಲೆ ಆ ವ್ಯಕ್ತಿ ಏನು ಓದಿದ್ದಾರೆ ಎಂದು ಹೇಳುತ್ತದೆ. ಅವರು ಯಾವ ಪರೀಕ್ಷೆ ಬರೆದುಕೊಡಬಹುದು, ಯಾವ ಔಷಧ ಶುರು ಮಾಡಬಹುದು, ಯಾವ ರೋಗಿಯನ್ನು ತಾವೇ ನೋಡಿ ಕಳಿಸಬಹುದು ಎಂಬುದು ಅದರಲ್ಲಿ ಇಲ್ಲ. ಪ್ರಮಾಣಪತ್ರವನ್ನೇ ಅಧಿಕಾರಪತ್ರವೆಂದು ತಿಳಿದು ಕೋರ್ಸಿಗೆ ಸೇರುವ ಯುವ ನರ್ಸುಗಳಿಗೆ ಈ ವ್ಯತ್ಯಾಸವನ್ನು ಮೊದಲೇ ಹೇಳಬೇಕಾದ್ದು ನ್ಯಾಯ.

2. ಜಾಗಕ್ಕೆ ಅಂಟಿದ ಅಧಿಕಾರ: ನಾಲ್ಕು ಉದಾಹರಣೆ

ಮೊದಲನೆಯದು ಉಪಕೇಂದ್ರ. 1945ರ ಔಷಧ ನಿಯಮಗಳ ‘ಕೆ’ ಅನುಸೂಚಿಯಲ್ಲಿ ಮಾರಾಟ ಪರವಾನಗಿಯ ಕಟ್ಟಳೆಯಿಂದ ವಿನಾಯಿತಿ ಪಡೆದವರ ಪಟ್ಟಿ ಇದೆ. ಅದರ 23ನೇ ನಮೂದಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಉಪಕೇಂದ್ರಗಳ ಕಾರ್ಯಕರ್ತರು, ನರ್ಸುಗಳು, ಎಎನ್‌ಎಂಗಳು, ಅಂಗನವಾಡಿ ಕಾರ್ಯಕರ್ತೆಯರು ಬರುತ್ತಾರೆ. ಈ ವಿನಾಯಿತಿಗೆ ಎರಡು ಷರತ್ತು. ಅವರು ಆ ಕೇಂದ್ರಕ್ಕೆ ಸೇರಿದವರಾಗಿರಬೇಕು. ಔಷಧ ಸರ್ಕಾರದ ಆರೋಗ್ಯ ಅಥವಾ ಕುಟುಂಬ ಕಲ್ಯಾಣ ಕಾರ್ಯಕ್ರಮದ್ದಾಗಿರಬೇಕು. ವರ್ಗವಾಗಿ ಬೇರೆಡೆ ಹೋದರೆ, ನಿವೃತ್ತರಾದರೆ, ಖಾಸಗಿ ಆಸ್ಪತ್ರೆ ಸೇರಿದರೆ ವಿನಾಯಿತಿ ಹಿಂದೆಯೇ ಉಳಿಯುತ್ತದೆ. ಜ್ಞಾನ ಮಾತ್ರ ಜೊತೆಗೆ ಬರುತ್ತದೆ.

ಎರಡನೆಯದು ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ). 2018ರ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಉಪಕೇಂದ್ರಗಳು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾದವು. ಈಗ ಅವುಗಳ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ. ಬಿ.ಎಸ್ಸಿ. ಅಥವಾ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದ ನರ್ಸುಗಳು ಸಮುದಾಯ ಆರೋಗ್ಯದಲ್ಲಿ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮಾಡಿ ಅಲ್ಲಿ ಸಿಎಚ್‌ಒ ಆದರು. ಹಳ್ಳಿಯ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ತಿಂಗಳು ತಿಂಗಳು ಇವರ ಕೈಯಿಂದ ಹೋಗುತ್ತವೆ. ಆದರೆ ಚಿಕಿತ್ಸೆ ಶುರು ಮಾಡುವವರು ವೈದ್ಯಾಧಿಕಾರಿ. ಅದನ್ನು ಮುಂದುವರಿಸುವುದು ಸಿಎಚ್‌ಒ ಕೆಲಸ. ಸರ್ಕಾರದ ದೂರವೈದ್ಯ ಸೇವೆಯಾದ ಇ-ಸಂಜೀವಿನಿಯಲ್ಲೂ ರೋಗಿಯ ಪಕ್ಕ ಕುಳಿತು ಬಿಪಿ ನೋಡಿ, ಲಕ್ಷಣ ಕೇಳಿ, ವಿವರ ಒಪ್ಪಿಸುವವರು ಇವರು. ತೆರೆಯ ಆಚೆ ಬದಿಯಲ್ಲಿ ಚೀಟಿ ಬರೆಯುವವರು ನೋಂದಾಯಿತ ವೈದ್ಯರು. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಈ ಪಾತ್ರ ಹಂಚಿಕೆಯನ್ನೇ ಬರಹಕ್ಕಿಳಿಸಿತು.

ಮೂರನೆಯದು ತೀವ್ರ ನಿಗಾ ಘಟಕ. ಭಾರತೀಯ ಶುಶ್ರೂಷಾ ಪರಿಷತ್ತು 2016ರ ಸುಮಾರಿಗೆ ತಂದ ಎರಡು ವರ್ಷದ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಸ್ನಾತಕೋತ್ತರ ಮಟ್ಟದ್ದು, ರೆಸಿಡೆನ್ಸಿ ಮಾದರಿಯದು. ತರಗತಿ ಕಡಿಮೆ, ಹಾಸಿಗೆಯ ಪಕ್ಕದ ಕಲಿಕೆ ಹೆಚ್ಚು. ಉನ್ನತ ರೋಗಶರೀರಶಾಸ್ತ್ರ, ಔಷಧಶಾಸ್ತ್ರ, ದೇಹಪರೀಕ್ಷೆಗಳಲ್ಲಿ ಗಟ್ಟಿ ತಯಾರಿ ಇದೆ. ಔಷಧ ಕೊಡುವುದಕ್ಕೆ, ತಪಾಸಣೆ ಬರೆಯುವುದಕ್ಕೆ ಮಾತ್ರ ಪಠ್ಯಕ್ರಮ ತೋರಿಸುವ ಆಧಾರ ಆಯಾ ಸಂಸ್ಥೆಯ ಪ್ರೋಟೊಕಾಲ್ ಮತ್ತು ಸ್ಥಾಯಿ ಆದೇಶ. ಒಂದು ಆಸ್ಪತ್ರೆಯ ಪ್ರೋಟೊಕಾಲ್ ಇನ್ನೊಂದರಲ್ಲಿ ಸಲ್ಲುವುದಿಲ್ಲ. ಕೆಲಸ ಬದಲಿಸಿದ ದಿನ ನರ್ಸ್ ಪ್ರಾಕ್ಟೀಷನರ್ ಮತ್ತೆ ಸ್ಟಾಫ್ ನರ್ಸ್ ಆಗಬಹುದು.

ನಾಲ್ಕನೆಯದು ಹೆರಿಗೆ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಗಳ ಮಾರ್ಗಸೂಚಿ ಹೊರತಂದಿತು. ತೆಲಂಗಾಣ ಇಂಥ ತರಬೇತಿಯನ್ನು ಅದಕ್ಕೂ ಒಂದು ವರ್ಷ ಮೊದಲೇ ಆರಂಭಿಸಿತ್ತು. ನೋಂದಾಯಿತ ನರ್ಸ್ ಹದಿನೆಂಟು ತಿಂಗಳ ತರಬೇತಿ ಪಡೆದು ಮಿಡ್‌ವೈಫರಿ ನರ್ಸ್ ಪ್ರಾಕ್ಟೀಷನರ್ ಆಗುತ್ತಾರೆ. ಪ್ರಸೂತಿ ತಜ್ಞರ ವಿಭಾಗಕ್ಕೆ ಹೊಂದಿಕೊಂಡ, ಸೂಲಗಿತ್ತಿಯರೇ ನಡೆಸುವ ಘಟಕದಲ್ಲಿ ಸಹಜ ಹೆರಿಗೆಗಳನ್ನು ಮಾಡಿಸುತ್ತಾರೆ. ತೊಡಕು ಕಂಡರೆ ತಜ್ಞರಿಗೆ ಒಪ್ಪಿಸುತ್ತಾರೆ. ನಾಲ್ಕರಲ್ಲಿ ಹೆಚ್ಚು ಯೋಚಿಸಿ ಕಟ್ಟಿದ ವ್ಯವಸ್ಥೆ ಇದು. ಆದರೂ ಇಲ್ಲಿನ ಸ್ವಾತಂತ್ರ್ಯ ಆ ಘಟಕದ ಬಾಗಿಲಿನೊಳಗಿನದು.

3. ಹೆಸರಿಗೆ ಅಂಟಿದ ಅಧಿಕಾರ: ಹೊರಗಿನ ಎರಡು ಮಾದರಿ

ಅಮೆರಿಕದಲ್ಲೂ ಓದು ಮೊದಲು ಬಂತು, ಕಾನೂನು ಹಿಂದಿನಿಂದ ಬಂತು. 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ಸಾರ್ವಜನಿಕ ಆರೋಗ್ಯ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ತಜ್ಞ ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿ ಶುರು ಮಾಡಿದರು. ರೋಗ ಗುರುತಿಸುವುದು, ಚಿಕಿತ್ಸೆ ನೀಡುವುದು ನರ್ಸ್ ವೃತ್ತಿಯ ವ್ಯಾಪ್ತಿಗೆ ಬರಬಹುದೆಂದು ಕಾನೂನಿನಲ್ಲಿ ಮೊದಲು ಒಪ್ಪಿದ ರಾಜ್ಯ ಐಡಹೊ, 1971ರಲ್ಲಿ. ವೈದ್ಯರ ಮೇಲ್ವಿಚಾರಣೆಯ ಕಡ್ಡಾಯ ಅಲ್ಲಿ ಹೋದದ್ದು 2004ರಲ್ಲಿ. ಈ ನಡುವಿನ ಮೂವತ್ತಮೂರು ವರ್ಷ ನಮಗೂ ಪಾಠ: ಅಧಿಕಾರ ಒಂದೇ ಸಲಕ್ಕೆ ಬರುವುದಿಲ್ಲ, ಆದರೆ ಅದು ಬೆಳೆಯಲು ಕಾನೂನಿನೊಳಗೆ ಒಂದು ನೆಲೆ ಬೇಕು.

ಇಂದು ಅಲ್ಲಿನ ದಾರಿಯ ಮೆಟ್ಟಿಲುಗಳು ಸ್ಪಷ್ಟ. ಮೊದಲು ಎನ್‌ಕ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆ ದಾಟಿ ಆರ್‌ಎನ್ (ನೋಂದಾಯಿತ ನರ್ಸ್) ಆಗಬೇಕು. ಆಮೇಲೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಅಥವಾ ಡಾಕ್ಟರೇಟ್ ಮಾಡಿ, ಮೇಲ್ವಿಚಾರಣೆಯಲ್ಲಿ ನಿಗದಿತ ಗಂಟೆಗಳ ಕ್ಲಿನಿಕಲ್ ಅಭ್ಯಾಸ ಪೂರೈಸಬೇಕು. ಅನಂತರ ಕುಟುಂಬ, ಮಕ್ಕಳು, ಮನೋರೋಗ ಹೀಗೆ ತಾನು ಆರಿಸಿಕೊಂಡ ಜನವರ್ಗಕ್ಕೆ ತಕ್ಕ ರಾಷ್ಟ್ರೀಯ ಪ್ರಮಾಣೀಕರಣ ಪರೀಕ್ಷೆ. ಕೊನೆಗೆ ರಾಜ್ಯದ ನರ್ಸಿಂಗ್ ಮಂಡಳಿಯಿಂದ ಆರ್‌ಎನ್ ಪರವಾನಗಿಯ ಮೇಲೆ ಇನ್ನೊಂದು ಪ್ರತ್ಯೇಕ ಪರವಾನಗಿ. ನಿಯಂತ್ರಿತ ಔಷಧ ಬರೆಯಲು ಅಲ್ಲಿನ ಕೇಂದ್ರ ಸರ್ಕಾರದ ಮಾದಕ ವಸ್ತು ನಿಯಂತ್ರಣ ಸಂಸ್ಥೆಯ ನೋಂದಣಿಯೂ ಬೇಕು. ಅಲ್ಲಿನ ನರ್ಸಿಂಗ್ ಸಂಸ್ಥೆಗಳ 2008ರ ಒಮ್ಮತದ ಮಾದರಿ ನರ್ಸ್ ಪ್ರಾಕ್ಟೀಷನರ್, ಕ್ಲಿನಿಕಲ್ ನರ್ಸ್ ತಜ್ಞೆ, ಅರಿವಳಿಕೆ ನರ್ಸ್, ನರ್ಸ್ ಮಿಡ್‌ವೈಫ್ ಎಂಬ ನಾಲ್ಕು ಪಾತ್ರಗಳನ್ನು ಗುರುತಿಸಿ, ಪರವಾನಗಿ, ಸಂಸ್ಥೆಯ ಮಾನ್ಯತೆ, ಪ್ರಮಾಣೀಕರಣ, ಶಿಕ್ಷಣ ಇವೆಲ್ಲ ಒಂದಕ್ಕೊಂದು ಹೊಂದಬೇಕೆಂದಿತು.

ರಾಜ್ಯಗಳ ನಡುವೆ ವ್ಯತ್ಯಾಸ ದೊಡ್ಡದು. ಟೆಕ್ಸಸ್‌ನಲ್ಲಿ ಔಷಧ ಬರೆಯಲು ವೈದ್ಯರೊಂದಿಗೆ ಲಿಖಿತ ಒಪ್ಪಂದ ಇರಬೇಕು. ನ್ಯೂಯಾರ್ಕ್ 3,600 ಗಂಟೆಗಳ ಅನುಭವದ ಗೆರೆ ಎಳೆದಿದೆ. ಕ್ಯಾಲಿಫೋರ್ನಿಯಾ 2020ರಲ್ಲಿ ಒಪ್ಪಿದ ಕಾನೂನಿನಿಂದ ಹಂತಹಂತವಾಗಿ ಸ್ವತಂತ್ರ ವೃತ್ತಿಯ ಬಾಗಿಲು ತೆರೆಯಿತು. ಇಷ್ಟು ಭೇದಗಳಿದ್ದರೂ ಪರವಾನಗಿ ವ್ಯಕ್ತಿಯದು. ರಾಜ್ಯದ ಗಡಿಯೊಳಗೆ ಆಸ್ಪತ್ರೆ ಬದಲಿಸಿದರೆ ಅದು ಜೊತೆಗೇ ಹೋಗುತ್ತದೆ.

ಬ್ರಿಟನ್ನಿನ ದಾರಿ ಇನ್ನೂ ಸರಳ. ನೋಂದಾಯಿತ ನರ್ಸ್ ‘ವಿ300’ ಎಂಬ ಔಷಧಸೂಚಕ ಕೋರ್ಸ್ ಮುಗಿಸಿದರೆ ಅಲ್ಲಿನ ನರ್ಸಿಂಗ್ ಪರಿಷತ್ತಿನ ರಿಜಿಸ್ಟರಿನಲ್ಲಿ ಅವರ ಹೆಸರಿನ ಎದುರು ಅದರ ಗುರುತು ಬೀಳುತ್ತದೆ. 2006ರ ಮೇ ತಿಂಗಳಿನಿಂದ ಇಂಥವರು ರಾಷ್ಟ್ರೀಯ ಔಷಧಕೋಶದ ಬಹುಪಾಲು ಔಷಧಗಳನ್ನು ತಮ್ಮ ಸಾಮರ್ಥ್ಯದ ಮಿತಿಯಲ್ಲಿ ಬರೆಯಬಲ್ಲರು. ಚೀಟಿಯ ಬಗ್ಗೆ ಅನುಮಾನ ಬಂದ ಔಷಧಿ ಅಂಗಡಿಯವರು ರಿಜಿಸ್ಟರ್ ತೆರೆದು ನೋಡಬಹುದು. ಕರ್ನಾಟಕದ ಕಾಲೇಜುಗಳಲ್ಲಿ ಓದಿ ಹೊರದೇಶಕ್ಕೆ ಹೋದ ನರ್ಸುಗಳಿಗೂ ಈ ದಾರಿಗಳು ತೆರೆದಿವೆ, ಆದರೆ ಆರಂಭ ಕೆಳಗಿನ ಮೆಟ್ಟಿಲಿನಿಂದ: ಮೊದಲು ಅಲ್ಲಿನ ನೋಂದಾಯಿತ ನರ್ಸ್ ಆಗಬೇಕು.

4. ವೈದ್ಯರ ಆಕ್ಷೇಪ ಮತ್ತು ಪುರಾವೆ

ನಮ್ಮಲ್ಲೂ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್ ವ್ಯಕ್ತಿಗೇ ಸೀಮಿತ ಪರವಾನಗಿ ಕೊಡುವ ಆಲೋಚನೆಯನ್ನು ತಂದಿತು. ಆಧುನಿಕ ವೈದ್ಯಕೀಯಕ್ಕೆ ಸಂಬಂಧಿಸಿದ, ನಿಬಂಧನೆಗಳ ಪ್ರಕಾರ ಅರ್ಹರಾದವರನ್ನು ಸಮುದಾಯ ಆರೋಗ್ಯ ಪೂರೈಕೆದಾರರೆಂದು ನೋಂದಾಯಿಸಬಹುದು. ಅವರ ಸಂಖ್ಯೆ ಪರವಾನಗಿ ಹೊಂದಿದ ವೈದ್ಯರ ಮೂರನೇ ಒಂದು ಭಾಗ ಮೀರಬಾರದು. ಪ್ರಾಥಮಿಕ ಮತ್ತು ರೋಗತಡೆ ಆರೈಕೆಯಲ್ಲಿ ಮಾತ್ರ ಅವರು ನಿಗದಿತ ಔಷಧಗಳನ್ನು ಸ್ವತಂತ್ರವಾಗಿ ಬರೆಯಬಹುದು. ಭಾರತೀಯ ವೈದ್ಯಕೀಯ ಸಂಘ ಇದನ್ನು ಕಟುವಾಗಿ ವಿರೋಧಿಸಿ ಮುಷ್ಕರಕ್ಕಿಳಿಯಿತು. ಬಡವರಿಗೆ, ಹಳ್ಳಿಯವರಿಗೆ ಎರಡನೇ ದರ್ಜೆಯ ಚಿಕಿತ್ಸೆ ಸಿಗುತ್ತದೆಂಬುದು ಮುಖ್ಯ ಆಕ್ಷೇಪ.

ಈ ಆಕ್ಷೇಪವನ್ನು ತಳ್ಳಿಹಾಕಬಾರದು. 1996ರ ಪೂನಂ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೋಮಿಯೋಪತಿ ವೈದ್ಯರು ಅಲೋಪತಿ ಔಷಧ ಕೊಟ್ಟದ್ದನ್ನೇ ನಿರ್ಲಕ್ಷ್ಯವೆಂದು ಎಣಿಸಿತು. ಅರ್ಹತೆಯ ಗೆರೆ ರೋಗಿಯ ರಕ್ಷಣೆಗಾಗಿ ಇದೆ. ಆದರೆ ಈ ಆಕ್ಷೇಪ ಹೆಚ್ಚಾಗಿ ತಗಲುವುದು ಈಗಿರುವ ವ್ಯವಸ್ಥೆಗೇ. ವೈದ್ಯರಿಲ್ಲದ ಜಾಗದಲ್ಲಿ ಅಧಿಕಾರ, ವೈದ್ಯರಿರುವ ಜಾಗದಲ್ಲಿ ನಿರಾಕರಣೆ ಎಂದರೆ ಕೊರತೆ ತುಂಬಲು ಮಾಡಿದ ಏರ್ಪಾಡು ಎಂದೇ ಅರ್ಥ. ಒಬ್ಬ ನರ್ಸ್ ಹಳ್ಳಿಯಲ್ಲಿ ಸಮರ್ಥಳಾಗಿದ್ದರೆ ನಗರದಲ್ಲೂ ಸಮರ್ಥಳೇ. ನಗರದಲ್ಲಿ ಅಸಮರ್ಥಳೆಂದಾದರೆ ಹಳ್ಳಿಯ ತಾಯಿಯನ್ನು ಆಕೆಯ ಕೈಗೆ ಒಪ್ಪಿಸಿದ್ದು ಯಾವ ನ್ಯಾಯ?

ಪುರಾವೆಯನ್ನೂ ಎಚ್ಚರದಿಂದ ಓದಬೇಕು. 2000ದಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಪ್ರಕಟವಾದ ನ್ಯೂಯಾರ್ಕಿನ ಅಧ್ಯಯನವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. 1,316 ರೋಗಿಗಳನ್ನು ಯಾದೃಚ್ಛಿಕವಾಗಿ ನರ್ಸ್ ಪ್ರಾಕ್ಟೀಷನರ್ ಅಥವಾ ವೈದ್ಯರ ಬಳಿಗೆ ಕಳಿಸಲಾಗಿತ್ತು. ಆರು ತಿಂಗಳ ಬಳಿಕ ಎರಡು ಗುಂಪಿನ ಆರೋಗ್ಯದ ಫಲಿತಾಂಶಗಳು ಹೋಲುತ್ತಿದ್ದವು. ಅಲ್ಲಿನ ನರ್ಸುಗಳಿಗೆ ಔಷಧ ಬರೆಯುವ, ತಜ್ಞರಿಗೆ ಕಳಿಸುವ, ಆಸ್ಪತ್ರೆಗೆ ದಾಖಲಿಸುವ ಅಧಿಕಾರ ವೈದ್ಯರಷ್ಟೇ ಇತ್ತೆಂಬುದನ್ನು ಇಲ್ಲಿ ಹೇಳುವವರು ಕಡಿಮೆ. ಆ ಫಲಿತಾಂಶ ತರಬೇತಿ ಮತ್ತು ಅಧಿಕಾರ ಎರಡೂ ಜೊತೆಗಿದ್ದಾಗಿನದು. ತರಬೇತಿ ಕೊಟ್ಟು ಅಧಿಕಾರ ತಡೆದ ನಮ್ಮ ವ್ಯವಸ್ಥೆಯ ಪರವಾಗಿ ಅದನ್ನು ಬಳಸಲಾಗದು. ಅಧಿಕಾರ ಕೊಟ್ಟು ತರಬೇತಿ ಮೊಟಕು ಮಾಡುವುದಕ್ಕೂ ಅದು ಸಮರ್ಥನೆಯಲ್ಲ.

5. ಆಗಬೇಕಾದದ್ದು

2023ರ ಆಗಸ್ಟಿನಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 1947ರ ಕಾಯ್ದೆಯ ಜಾಗಕ್ಕೆಂದು ರೂಪಿಸಿದ ಇದು ಶಿಕ್ಷಣ, ಮೌಲ್ಯಮಾಪನ, ನೀತಿ ಮತ್ತು ನೋಂದಣಿಗೆ ಬೇರೆ ಬೇರೆ ಮಂಡಳಿಗಳನ್ನು ಕಲ್ಪಿಸಿದೆ. ರಾಷ್ಟ್ರೀಯ ರಿಜಿಸ್ಟರಿಗೂ ಅವಕಾಶ ಮಾಡಿದೆ. ಇದರಡಿ ನಿಬಂಧನೆಗಳು ರೂಪುಗೊಳ್ಳುವಾಗ ಮೂರು ಕೆಲಸ ಆಗಲೇಬೇಕು.

ಒಂದು, ರಿಜಿಸ್ಟರಿನಲ್ಲಿ ಉನ್ನತ ವೃತ್ತಿಗೆ ಪ್ರತ್ಯೇಕ ಭಾಗ ಬೇಕು. ಅಲ್ಲಿ ಪಾತ್ರ, ಅದರ ವ್ಯಾಪ್ತಿ, ನವೀಕರಣದ ಷರತ್ತು ಮೂರೂ ಬರೆದಿರಬೇಕು. ಎರಡು, 1945ರ ಔಷಧ ನಿಯಮಗಳಲ್ಲಿ ಆ ಭಾಗದಲ್ಲಿ ಹೆಸರಿರುವವರನ್ನು ಗುರುತಿಸಿ, ಪಾತ್ರಕ್ಕೆ ತಕ್ಕ ಔಷಧಪಟ್ಟಿ ಸೇರಿಸಬೇಕು. ಮೂರು, ರಾಜ್ಯಗಳ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ನರ್ಸ್ ಪ್ರಾಕ್ಟೀಷನರ್ ಹುದ್ದೆ ಇರಬೇಕು. ಹುದ್ದೆ ಇಲ್ಲದಿದ್ದರೆ ಪರವಾನಗಿ ಪಡೆದವರೂ ಶುಶ್ರೂಷಾಧಿಕಾರಿಯ ಪಾಳಿಯಲ್ಲೇ ಉಳಿಯುತ್ತಾರೆ.

ಇವುಗಳಲ್ಲಿ ಮೊದಲು ಆಗಬೇಕಾದದ್ದು ರಿಜಿಸ್ಟರಿನ ಕೆಲಸ. ಅಧಿಕಾರ ಹೆಸರಿನ ಜೊತೆ ದಾಖಲಾದರೆ ಹೊಣೆಯೂ ಹೆಸರಿನ ಜೊತೆಗೇ ದಾಖಲಾಗುತ್ತದೆ. ತಪ್ಪು ಮಾಡಿದವರನ್ನು ಕೇಳಬಹುದು, ಪರವಾನಗಿ ಹಿಂಪಡೆಯಬಹುದು. ಅಧಿಕಾರ ಜಾಗಕ್ಕೆ ಅಂಟಿರುವವರೆಗೆ ತಪ್ಪು ನಡೆದಾಗ ಪ್ರೋಟೊಕಾಲ್ ಬರೆದ ಸಂಸ್ಥೆಗೂ ಚುಚ್ಚುಮದ್ದು ಕೊಟ್ಟ ನರ್ಸಿಗೂ ನಡುವೆ ಹೊಣೆ ಹಂಚಿಹೋಗುತ್ತದೆ, ಬಹಳ ಸಲ ಕೆಳಗಿನವರ ಮೇಲೆ ಬೀಳುತ್ತದೆ. ವೈದ್ಯರು ಕೇಳುವ ಸುರಕ್ಷತೆ, ನರ್ಸುಗಳು ಕೇಳುವ ಮನ್ನಣೆ ಎರಡಕ್ಕೂ ರಿಜಿಸ್ಟರಿನ ಆ ಪ್ರತ್ಯೇಕ ಭಾಗವೇ ಆಧಾರವಾಗಬಲ್ಲದು.