ಹೊರಗಿನವನಿಗೆ ಎಷ್ಟು ಹೆಸರು?

ಕನ್ನಡದಲ್ಲಿ ಒಬ್ಬನನ್ನು ‘ಪರದೇಶಿ’ ಅಂದರೆ ದಿಕ್ಕುದೆಸೆ ಇಲ್ಲದವನು ಅಂತ ಅರ್ಥ. ಅದೇ ಪದ ನಮ್ಮ ಮನೆಯ ಉರ್ದುವಿನಲ್ಲಿ ‘ಪರ್‌ದೇಸಿ’ ಆದಾಗ ದೂರ ಹೋದವನ ನೆನಪು, ಕಾಯುವವರ ಸಂಕಟ ಎಲ್ಲ ಅದರೊಳಗೆ ಬರುತ್ತೆ. ಪದ ಒಂದೇ, ತೂಕ ಬೇರೆ. ಜಪಾನಿ ಭಾಷೆಯಲ್ಲೂ ಹೊರಗಿನವರಿಗೆ ಹೀಗೆ ಬೇರೆ ಬೇರೆ ತೂಕದ ಹೆಸರುಗಳಿವೆ.

1543ರಲ್ಲಿ ಪೋರ್ಚುಗೀಸರು ತಾನೆಗಾಶಿಮಾ ದ್ವೀಪಕ್ಕೆ ಬಂದಿಳಿದರು. ದಕ್ಷಿಣದ ಕಡಲಿಂದ ಬಂದ ಇವರನ್ನು ಜಪಾನೀಯರು ‘ನಾನ್‌ಬಾನ್‌ಜಿನ್’ ಎಂದರು, ಅಂದರೆ ದಕ್ಷಿಣದ ಅನಾಗರಿಕರು. ಪದ ಚೀನಾದಿಂದ ತಂದ ಎರವಲು. ಆಮೇಲೆ ಬಂದ ಡಚ್ಚರು ‘ಕೋಮೋಜಿನ್’, ಕೆಂಪು ಕೂದಲಿನವರು. ತಮಾಷೆ ನೋಡಿ, ಬೈಗುಳದಂಥ ಆ ‘ನಾನ್‌ಬಾನ್’ ಇವತ್ತು ಅಡುಗೆಮನೆ ಸೇರಿದೆ. ಕರಿದ ಮೀನನ್ನು ಹುಳಿ ವಿನೆಗರ್‌ನಲ್ಲಿ ನೆನೆಸಿದರೆ ಅದು ‘ನಾನ್‌ಬಾನ್‌ಜುಕೆ’.

ಈಗ ನೀವು ಹೆಚ್ಚಾಗಿ ಕೇಳುವುದು ‘ಗೈಕೊಕುಜಿನ್’ ಮತ್ತು ‘ಗೈಜಿನ್’. ‘ಗೈ’ ಅಂದರೆ ಹೊರಗೆ, ‘ಕೊಕು’ ದೇಶ, ‘ಜಿನ್’ ಮನುಷ್ಯ. ಸರ್ಕಾರಿ ಕಾಗದದಲ್ಲಿ, ಸುದ್ದಿ ಓದುವವರ ಬಾಯಲ್ಲಿ ಮೊದಲನೆಯದೇ ಇರುತ್ತದೆ. ಎರಡನೆಯದರಲ್ಲಿ ‘ದೇಶ’ ಇಲ್ಲ, ಬರೀ ‘ಹೊರಗಿನವ’. ಹಳೆಯ ಕಾಲದಲ್ಲಂತೂ ಗೈಜಿನ್ ಅಂದರೆ ವಿದೇಶಿಯೇ ಆಗಬೇಕಿರಲಿಲ್ಲ. ತಮ್ಮ ಗುಂಪಿಗೆ ಸೇರದ ಜಪಾನಿಯೂ ಗೈಜಿನ್ನೇ. ಹೇಳುವವರ ಮನಸ್ಸಲ್ಲಿ ಕೆಟ್ಟದ್ದು ಇಲ್ಲದಿರಬಹುದು. ‘ಗೈಜಿನ್‌ಸಾನ್’ ಅಂತ ಗೌರವ ಸೇರಿಸಿ ಕರೆಯುವವರೂ ಇದ್ದಾರೆ. ಆದರೂ ಅಲ್ಲೇ ಇಪ್ಪತ್ತು ವರ್ಷ ಬಾಳಿದವನಿಗೆ ಅದು ಚುಚ್ಚುತ್ತದೆ. ಮುಂಬೈಯಲ್ಲಿ ಮೂರು ತಲೆಮಾರು ಕಳೆದರೂ ‘ಮದ್ರಾಸಿ’ ಅನ್ನಿಸಿಕೊಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಗೈಜಿನ್ ಎಂದಾಗ ಜಪಾನೀಯರ ಕಣ್ಣಿಗೆ ಹೆಚ್ಚಾಗಿ ಬರುವುದು ಬಿಳಿಯರು. ಹಾಗಾದರೆ ಪಕ್ಕದ ಕೊರಿಯಾದವರು? ನನ್ನ ಮಟ್ಟಿಗೆ ಇದೇ ಅತ್ಯಂತ ನೋವಿನ ಅಧ್ಯಾಯ. 1910ರಲ್ಲಿ ಜಪಾನ್ ಕೊರಿಯಾವನ್ನು ತನ್ನೊಳಗೆ ಸೇರಿಸಿಕೊಂಡಿತು. ಕೂಲಿ ಹುಡುಕಿಕೊಂಡು ಲಕ್ಷಾಂತರ ಜನ ಕಡಲು ದಾಟಿದರು. ಯುದ್ಧದ ವರ್ಷಗಳಲ್ಲಿ ಗಣಿ, ಕಾರ್ಖಾನೆಗಳಿಗೆ ಬಲವಂತವಾಗಿ ತಂದವರೂ ಇದ್ದರು. ಕಾನೂನಿನ ಲೆಕ್ಕದಲ್ಲಿ ಅವರೆಲ್ಲ ಜಪಾನಿನ ಪ್ರಜೆಗಳು. 1952ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಶಾಂತಿ ಒಪ್ಪಂದ ಜಾರಿಗೆ ಬಂದಾಗ ಆ ಪೌರತ್ವ ಹೋಯಿತು. ಬೀದಿ ಅದೇ, ಮನೆ ಅದೇ, ಒಂದು ಹೆಜ್ಜೆಯೂ ಕದಲಿರಲಿಲ್ಲ, ಬೆಳಗಾಗುವಷ್ಟರಲ್ಲಿ ವಿದೇಶಿಯರು. ಅವರಿಗೆ ಅಂಟಿದ ಹೆಸರು ‘ಜೈನಿಚಿ’, ಅಂದರೆ ‘ಜಪಾನಿನಲ್ಲಿ ಇರುವವರು’. ಅಲ್ಲೇ ಹುಟ್ಟಿ, ಅಲ್ಲಿನ ಶಾಲೆಯಲ್ಲಿ ಓದಿ, ಜಪಾನಿ ಬಿಟ್ಟು ಬೇರೆ ಭಾಷೆ ಬಾರದ ಮೊಮ್ಮಕ್ಕಳನ್ನೂ ಇನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ.