ಪೂರ್ವಸ್ಥಿತಿಗೆ ಮರಳಿದ ರಾಜ್ಯ

ಕಿರಂಗೂರಿನ ಬನ್ನಿಮಂಟಪದಿಂದ ದಸರೆಯ ಮೆರವಣಿಗೆ ಇಂದಿಗೂ ಹೊರಟು ತಲಪುವ ಶ್ರೀರಂಗಪಟ್ಟಣವು, ಒಂದು ರಾಜ್ಯದ ಸಮಗ್ರ ಆಡಳಿತಕ್ರಮವನ್ನೇ ಹೊಸದರಿಂದ ಹಳೆಯದಕ್ಕೆ ಹಿಂದಿರುಗಿಸಬೇಕಾಗಿ ಬಂದ ಊರು. ದೊಡ್ಡ ಸಂಸ್ಥೆಗಳ ಗಣಕಯಂತ್ರಗಳಿಗೆ ಹೊಸ ತಂತ್ರಾಂಶವನ್ನು ಅಳವಡಿಸುವವರು ಹಿಂದಿನ ಆವೃತ್ತಿಯನ್ನೂ ಅದರ ದತ್ತಾಂಶವನ್ನೂ ಅಳಿಸದೆ ಕಾಯ್ದಿರಿಸಿ, ಹೊಸದು ಕೈಕೊಟ್ಟಾಗ ನಿರಪಾಯವಾಗಿ ಮರಳುತ್ತಾರಷ್ಟೆ. 1799ರ ಮೇ 4ರಂದು ಆಂಗ್ಲರ ಪಡೆಗಳಿಗೆ ಟಿಪ್ಪು ಸುಲ್ತಾನನ ಕೋಟೆ ಬಿದ್ದ ಮೇಲೆ ಇಲ್ಲಿ ಮರಳುವಿಕೆ ಸಾಧ್ಯವಾದುದೂ, ಯಾರೂ ಹಾಗೆ ಸಂಕಲ್ಪಿಸದಿದ್ದರೂ, ಹಳೆಯದು ಹೊಸದರ ಕೆಳಗೆ ಜೀವಂತವಾಗಿ ಉಳಿದಿದ್ದುದರಿಂದಲೇ.

ಟಿಪ್ಪು ಸುಲ್ತಾನನ ಪರಿವರ್ತನೋತ್ಸಾಹ ಅಸಾಧಾರಣವಾದುದು. ಊರುಗಳ ಹೆಸರು, ಅಳತೆ, ನಾಣ್ಯ, ಕಾಲಗಣನೆ, ಇವಾವುವನ್ನೂ ಆತನು ಇದ್ದಂತೆ ಬಿಡಲಿಲ್ಲ. 1787ರ ಸುಮಾರಿಗೆ ಮೌಲೂದಿ ಎಂಬ ಹೊಸ ಶಕೆಯನ್ನೇ ತಂದನು. ಆದರೆ ಅರವತ್ತು ಸಂವತ್ಸರಗಳ ಚಕ್ರವೂ ಅಧಿಕಮಾಸದ ಲೆಕ್ಕವೂ ಹೊಸ ಹೆಸರುಗಳ ಮರೆಯಲ್ಲಿ ಹಾಗೆಯೇ ಉಳಿದುವು. ಈ ಒಂದು ಅಂಶವು ನನಗೆ ಅತ್ಯಂತ ಮಹತ್ತ್ವದ್ದಾಗಿ ತೋರುತ್ತದೆ: 1799ರಲ್ಲಿ ಹೊಸ ಹೆಸರುಗಳನ್ನು ಕಳಚಿದೊಡನೆ ಜನರು ಹಳೆಯ ಎಣಿಕೆಯ ಸಿದ್ಧಾರ್ಥಿ ಸಂವತ್ಸರದಲ್ಲಿಯೇ ನಿಂತಿದ್ದರು. ಲೆಕ್ಕಪತ್ರಗಳ ಗತಿಯೂ ಅಂತಹುದೇ. ಪಾರಸಿ ಲೆಕ್ಕ ಬಂದರೂ ಕನ್ನಡ ಮರಾಠಿ ಲೆಕ್ಕಗಳು ಅಳಿಯಲಿಲ್ಲ. ಹುಣಿಸೆಬೀಜದ ಸರಿ, ಇದ್ದಿಲುಗಳನ್ನು ಬಳಿದು ಮಡಿಸಿದ ಬಟ್ಟೆಯ ಕಡತದ ಮೇಲೆ ಊರಿನ ಲೆಕ್ಕಿಗನಾದ ಶಾನುಭೋಗನು ಬಳಪದಿಂದ ಬರೆಯುತ್ತಲೇ ಇದ್ದನು. ಯಾವ ಹೊಲ ಯಾರದು, ಕಂದಾಯವೆಷ್ಟು ಎಂಬ ಮೂಲಜ್ಞಾನ ನಶಿಸಿದ್ದರೆ, ಸಿಂಹಾಸನದ ಮೇಲೆ ಯಾರನ್ನು ಕೂರಿಸಿದರೂ ರಾಜ್ಯ ನಡೆಯುತ್ತಿರಲಿಲ್ಲ.

1799ರ ಜೂನ್ 30ರಂದು, ಹಳೆಯ ರಾಜವಂಶದ, ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಟಿಪ್ಪುವು ಮೈಸೂರಿನ ಕೋಟೆಯನ್ನು ಕೆಡವಿ ನಜರಬಾದಿಗೆ ಸಾಗಿಸಿದ್ದ ಕಲ್ಲುಗಳೇ ಮರಳಿ ಬಂದು ಕೋಟೆಯಾದುವು. ಈ ಎಲ್ಲ ಕಾರ್ಯಕ್ಕೆ ದಿವಾನರಾಗಿ ದೊರೆತವರು, ಹೈದರನಿಗೂ ಅವನ ಮಗ ಟಿಪ್ಪುವಿಗೂ ಸೇವೆ ಸಲ್ಲಿಸಿದ್ದ ಪೂರ್ಣಯ್ಯನವರು. ಗೆದ್ದವರ ಕಡೆಯಿಂದ ಎಂತಹ ಮೇಧಾವಿ ಬಂದಿದ್ದರೂ, ಹೊಸ ವ್ಯವಸ್ಥೆಯೊಳಗೇ ಇದ್ದು ಅದರ ಸಂದುಗೊಂದುಗಳನ್ನೆಲ್ಲ ಬಲ್ಲ ಈ ಪುರುಷನ ಸ್ಥಾನವನ್ನು ತುಂಬುವುದು ಅಸಾಧ್ಯವಾಗಿತ್ತೆಂದೇ ನನ್ನ ನಂಬುಗೆ.

ಎಲ್ಲವನ್ನೂ ಹಿಂದೆಗೆಯಲಿಲ್ಲವೆಂಬುದೂ ಗಮನಾರ್ಹ. ಒಡೆಯರ ಕಾಲದ ಬೆಣ್ಣೆಚಾವಡಿ ಎಂಬ ದನಗಳ ಇಲಾಖೆಗೆ ಟಿಪ್ಪುವು ಕೊಟ್ಟ ಅಮೃತಮಹಲ್ ಎಂಬ ಹೆಸರು ಮಾತ್ರ ಅಳಿಯಲಿಲ್ಲ; ಆ ದನಗಳ ತಳಿಯನ್ನು ಇಂದಿಗೂ ಜನ ಅದೇ ಹೆಸರಿನಿಂದ ಕರೆಯುತ್ತಾರೆ.